ಎರಡು ಸಲ

ಸಾಲಗಾಮೆ ರಸ್ತೆ, ಔಷಧಿ ಅಂಗಡಿಯ ಮೇಲಿನ ಕೋಣೆ.
ಚಪ್ಪಲಿ ಹೊರಗೆ. ಫೋನೂ ಹೊರಗೆ.
ಫಿಲೋಮಿನಾ ಮೇಡಂ ಅಂದರು: ಅರ್ಧ ಗಂಟೆ
ಪ್ರಶ್ನೆ ಕೇಳಬೇಡಿ, ಕಲಿಸಬೇಡಿ, ಹೊಗಳಲೂ ಬೇಡಿ.
ಅವನು ಆಟಕ್ಕೆ ಕರೆದರೆ ಹೋಗಿ.
ಕಂಡದ್ದನ್ನು ಮಾತ್ರ ಮೆಲ್ಲಗೆ ಹೇಳಿ.

ಮೆಲ್ಲಗೆ!
ಇಪ್ಪತ್ತು ವರ್ಷದಿಂದ ಆಲೂಗಡ್ಡೆ ಮಂಡಿಯಲ್ಲಿ
ಹರಾಜು ಕೂಗಿ ಅನ್ನ ತಿಂದವನು ನಾನು.
ನನ್ನ ಗಂಟಲಿಗೆ ಮನೆ ಯಾವುದು ಮಂಡಿ ಯಾವುದು ಗೊತ್ತಿಲ್ಲ;
ಕುಡಿಯಲು ನೀರು ಕೇಳಿದರೂ ಲಾರಿ ನಿಲ್ಲುತ್ತದೆ.
ಚರಿತ್ ಒಂದನೇ ಕ್ಲಾಸು. ಈ ವರ್ಷ ಮೂವರನ್ನು ಕಚ್ಚಿದ್ದಾನೆ,
ಅದರಲ್ಲಿ ಒಬ್ಬರು ಟೀಚರ್.

ಮೊದಲ ಗುರುವಾರ ನನಗೆ ಬೆನ್ನು ಹಾಕಿ
ಮರಳಲ್ಲಿ ಲಾರಿ ಹೂತ.
'ಲಾರಿ ಹೂಳ್ತಾ ಇದ್ದೀಯ' ಅಂದೆ.
ಪೆದ್ದನ ಮಾತಿನ ಹಾಗೆ ಕೇಳಿಸಿತು ನನಗೇ.
ಎರಡನೆಯ ಗುರುವಾರವೂ ಹೂತ.
ಆಮೇಲೊಂದು ದಿನ ಮುಖಕ್ಕೇ ಎರಚಿದ. ನನ್ನ ಕೈ ಮೇಲೆದ್ದಿತು,
ಹೇಳಿಕೊಟ್ಟ ವಾಕ್ಯ ನೆನಪಾಗಿ ಅರ್ಧದಲ್ಲಿ ನಿಂತಿತು:
'ಸಿಟ್ಟು ಬಂದಿದೆ ನಿನಗೆ. ಎರಚೋದು ನನ್ನ ಮೇಲಲ್ಲ. ಆ ಗೋಡೆ ಇದೆ.'
ಗೋಡೆಗೆ ಎರಚಿದ. ತುಂಬ ಹೊತ್ತು ಎರಚಿದ.
ಲತಾಮಣಿ ಕಣ್ಣೊರೆಸಿಕೊಂಡಳು; ಮರಳು ಬಿತ್ತು ಅಂದಳು.

ನಿನ್ನೆ ಸ್ಟೂಲು ಹತ್ತಿ ನಿಂತು
ಚಾಪೆಯ ಮೇಲೆ ಮುದುರಿ ಮಲಗು ಅಂದ.
'ನೀನು ಮೂಟೆ. ಮೂಟೆ ಮಾತಾಡಲ್ಲ.'
ಮಾತಾಡಲಿಲ್ಲ.
ಆಗ ಆ ಪುಟ್ಟ ಎದೆಯಿಂದ ನನ್ನದೇ ಗಂಟಲು ಎದ್ದಿತು,
ಅದೇ ಎಳೆತ, ಕೊನೆಯಲ್ಲಿ ಅದೇ ಚಾಟಿ:
'ಅಪ್ಪ! ಒಂದು ಅಪ್ಪ! ಎಷ್ಟಕ್ಕೆ, ಬೇಗ ಹೇಳ್ರೀ!'

ಕೆಳಗಿನಿಂದ ಅದನ್ನು ಕೇಳಿದ್ದು ಅದೇ ಮೊದಲು.
ಮೂಟೆಗೆ ಹೀಗೆ ಕೇಳಿಸುತ್ತದೆ.

ಯಾರೂ ಸವಾಲು ಕೂಗಲಿಲ್ಲ.
ಲತಾಮಣಿ ಸೆರಗಿನ ತುದಿ ತಿರುಚುತ್ತ 'ಹತ್ತು ರೂಪಾಯಿ' ಅಂದಳು.
'ಕೊಳೆತದ್ದೂ ಇದೆ, ನೋಡಿ ಹೇಳು.'
ಇಳಿದು ಬಂದು ನನ್ನ ಕಿವಿ ಎತ್ತಿ ತೋರಿಸಿ ಮತ್ತೆ ಹತ್ತಿದ.
'ಹಾಗಾದರೆ ಎಂಟು.'
ನಗು ಬಂತು; ಮೂಟೆ ನಗಬಾರದು.

'ಎಂಟು ರೂಪಾಯಿ ಒಂದು ಸಲ...
ಎಂಟು ರೂಪಾಯಿ ಎರಡು ಸಲ...'

ಕೆಳಗೆ ಅಂಗಡಿಯಲ್ಲಿ ಯಾರೋ
ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳುತ್ತಿದ್ದರು.
'ಇನ್ನೈದು ನಿಮಿಷ, ಚರಿತ್' ಅಂದರು ಮೇಡಂ.
ಅವನು ಸ್ಟೂಲಿನಿಂದ ಇಳಿದು
ನನ್ನ ಪಕ್ಕ ಚಾಪೆಯ ಮೇಲೆ ಮುದುರಿಕೊಂಡ.
ಮೂರನೆಯ ಸಲ ಕೂಗಲೇ ಇಲ್ಲ.

ಇವತ್ತು ಬೆಳಿಗ್ಗೆ ಮಂಡಿಯಲ್ಲಿ
ಅರಕಲಗೂಡಿನ ಕೆಮ್ಮಣ್ಣು ಮೆತ್ತಿದ ರಾಶಿಯ ಮುಂದೆ
ಎರಡು ಸಲ ಅಂದವನು ನಿಂತುಬಿಟ್ಟೆ.
'ಯಾಕಣ್ಣ, ಗಂಟಲು ಕಟ್ತಾ?' ಅಂದರು.
ಸ್ವಲ್ಪ, ಅಂದೆ.