ಹತ್ತು ಗ್ರಾಮಿನ ನೂಲು

ಕಣ್ಣು ಮುಚ್ಚಿ, ತಾಗಿದಾಗ ಹೇಳಿ, ಎಂದರು ರೂವಿಯ ಡಾಕ್ಟ್ರಮ್ಮ.
ಕೈಯಲ್ಲೊಂದು ಹಿಡಿ, ಹಿಡಿಯ ತುದಿಗೆ ಗಿಡ್ಡ ನೈಲಾನ್ ನೂಲು.
ಹತ್ತು ಗ್ರಾಮಿನದಂತೆ.
ಮುಚ್ಚುವ ಮೊದಲೇ ನನ್ನ ಕಣ್ಣು ಅಳೆದಾಗಿತ್ತು:
ಬಟ್ಟೆಗಾಗದು, ಚೀಲ ಹೊಲಿಯಬಹುದು.
ಮೂವತ್ತೊಂದು ವರ್ಷ ಮತ್ರಾದಲ್ಲಿ ದಿಶ್ದಾಶ ಹೊಲಿದವನು ನಾನು,
ನೂಲು ಕಂಡರೆ ಬೆರಳು ತಾನೇ ನಂಬರು ಹೇಳುತ್ತದೆ.

ಕಾದೆ.
ಹೊರಗೆ ಯಾರದೋ ಟೋಕನ್ ಕೂಗಿದರು.
ಏಸಿಯಿಂದ ಒಂದು ಹನಿ ಬಕೇಟಿಗೆ ಬಿತ್ತು.
ಶುರು ಮಾಡಿ ಮೇಡಂ, ಎಂದೆ.
ಮುಗಿಯಿತು ವಾಮನ್, ಎಂದರು.

ಎರಡು ಪಾದ, ಒಂದೊಂದರಲ್ಲಿ ಹತ್ತು ಕಡೆ.
ಬಾಗಿಲು ತಟ್ಟಿ ತಟ್ಟಿ ವಾಪಸು ಹೋಗಿತ್ತು ನೂಲು.

ಹಾಗಾದರೆ ರಾತ್ರಿಯದೇನು?
ರಾತ್ರಿ ಇದೇ ಪಾದ ಕಾದ ಇಸ್ತ್ರಿಪೆಟ್ಟಿಗೆ.
ಹೊದಿಕೆಯ ಅಂಚು ಸೋಕಿದರೆ ಮೆಣಸು ಅರೆದು ಹಚ್ಚಿದ ಹಾಗೆ.
ಕೋಣೆಯ ಮೂವರು ಮಲಗಿದ ಮೇಲೆ ಬಚ್ಚಲ ಟೈಲ್ಸಿನ ಮೇಲೆ ನಿಲ್ಲುತ್ತೇನೆ.
ಆಗಸ್ಟಿನಲ್ಲಿ ಇಲ್ಲಿ ತಣ್ಣೀರ ನಲ್ಲಿಯಲ್ಲೂ ಬಿಸಿನೀರೇ.
ರೋಫಿಕುಲ್ ಒಮ್ಮೆ ಎದ್ದು ಬಂದು ಕೇಳಿದ,
ಯಾರಿಗೆ ಕಾಯ್ತಿದ್ದೀಯ ದಾದಾ?

ತಾಗಿದ್ದು ತಿಳಿಯದ ಕಾಲು ತಾಗದೆಯೂ ಉರಿಯುವುದು ಹೇಗೆ ಮೇಡಂ?
ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು.
ಸಕ್ಕರೆ ನರವನ್ನು ತಿಂದಿದೆ. ಉಳಿದದ್ದು ಸುಮ್ಮಸುಮ್ಮನೆ ಕೂಗುತ್ತದೆ.
ಈ ಕ್ಯಾಪ್ಸೂಲು ಕೂಗು ತಗ್ಗಿಸುತ್ತದೆ ಅಷ್ಟೆ, ರಫು ಮಾಡುವುದಿಲ್ಲ.
ರಫು ಎಂಬ ಮಾತನ್ನು ನನಗೆಂದೇ ಹುಡುಕಿ ತಂದಿದ್ದರು, ಪಾಪ.

ಫಾರ್ಮಸಿಯವನು ಬತಾಕ ಕೇಳಿದ, ನಂಬರು ಬರೆದುಕೊಂಡ,
ಬಂದೂಕು ಕೊಳ್ಳಲು ಬಂದವನಿಗೆಂಬಂತೆ ಸಹಿ ಹಾಕಿಸಿದ.
ಎಪ್ಪತ್ತೈದು ಮಿಲಿಗ್ರಾಂ. ಅರ್ಧ ಬಿಳಿ, ಅರ್ಧ ಕೇಸರಿ.
ರಾತ್ರಿಗೊಂದು; ವಾರ ಕಳೆದು ಬೆಳಗಿಗೂ ಒಂದು.

ಏಳನೆಯ ರಾತ್ರಿ ನಿದ್ದೆ ಬಂತು.
ಎಂಥ ನಿದ್ದೆ! ಅಂಗಡಿಯ ಶಟರು ಎಳೆದ ಹಾಗೆ.
ಬೆಳಗಿನದು ಸೇರಿದ್ದೇ ಹಗಲೂ ಅರ್ಧ ಶಟರು.
ಖಲ್ಫಾನರ ಮಗನ ಮದುವೆಯ ದಿಶ್ದಾಶಕ್ಕೆ
ಬಲಕ್ಕೆ ತೂಗಬೇಕಾದ ಕೊರಳ ಗೊಂಡೆಯನ್ನು ಎಡಕ್ಕೆ ಹೊಲಿದೆ.
ಬೈಯಲಿಲ್ಲ ಅವರು. ಬೈದಿದ್ದರೆ ಚೆನ್ನಿತ್ತು.
ಗೊಂಡೆಯನ್ನು ಬೆರಳಲ್ಲಿ ಆಡಿಸುತ್ತ,
ನಿಮಗೆ ನಿದ್ದೆ ಸಾಲದು ಉಸ್ತಾದ್, ಎಂದರು.

ಈಗ ರಾತ್ರಿಯದು ಮಾತ್ರ.
ಉರಿ ಇದೆ, ಪಕ್ಕದ ಕೋಣೆಯ ಟೀವಿಯಷ್ಟು.
ಕಡಿಮೆ ಆಯ್ತಾ, ಎನ್ನುತ್ತಾಳೆ ಫೋನಿನಲ್ಲಿ ಗುಲಾಬಿ.
ಆಯ್ತು, ಎನ್ನುತ್ತೇನೆ.
ಯಾವುದು ಎಂದು ಅವಳು ಕೇಳುವುದಿಲ್ಲ.

ಪೆಡಲಿನ ಮೇಲೆ ಬಲಗಾಲು ಇದೆಯೆಂದು
ಮಿಷನ್ನಿನ ಸದ್ದು ಕೇಳಿ ತಿಳಿಯುತ್ತೇನೆ.
ಹೊಲಿಗೆ ಓಡುತ್ತಿದ್ದರೆ ಕಾಲು ನನ್ನದೇ.

ಅಂಗಡಿ ಮುಚ್ಚುವ ಮೊದಲು ಕೋಲಿಗೆ ಸೂಜಿಗಲ್ಲು ಕಟ್ಟಿ ನೆಲ ಸವರುವುದು
ಡಾಕ್ಟ್ರಮ್ಮ ಬರೆಯದೆ ಬಿಟ್ಟ ಔಷಧ, ನಾನೇ ಸೇರಿಸಿಕೊಂಡದ್ದು.
ಚಿಟ್ ಚಿಟ್ ಎಂದು ಬಂದು ಅಂಟುತ್ತವೆ ಗುಂಡುಪಿನ್ನುಗಳು,
ಬಾ ಬಾ ಎಂದರೆ ಓಡಿಬರುವ ಕೋಳಿಮರಿಗಳು.
ಬೆಳಗ್ಗೆ ಇಪ್ಪತ್ತು ಎಣಿಸಿ ತೆಗೆದಿದ್ದೆ.
ಹತ್ತೊಂಬತ್ತು.
ಮೇಜಿನ ಕೆಳಗೆ, ಬಟ್ಟೆಚೂರುಗಳ ಗುಡ್ಡೆಯಲ್ಲಿ,
ಇಸ್ತ್ರಿ ಹಲಗೆಯ ಸಂದಿಯಲ್ಲಿ ಇನ್ನೊಮ್ಮೆ.
ಹತ್ತೊಂಬತ್ತು.

ಟ್ರಯಲ್ ಕೋಣೆಯ ಕನ್ನಡಿ ಇಳಿಸಿ ಗೋಡೆಯ ಬುಡಕ್ಕೊರಗಿಸಿದೆ,
ಸ್ಟೂಲಿನ ಮೇಲೆ ಕೂತು ಎಡಗಾಲಿನ ಚಪ್ಪಲಿ ಬಿಚ್ಚಿದೆ.
ಗಿರಾಕಿಗೆ ಹೇಳುವ ಹಾಗೆ ಕಾಲಿಗೆ ಹೇಳಿದೆ:
ಸ್ವಲ್ಪ ತಿರುಗಿ.