ರಿವೈಂಡ್ ಮಾಡದ್ದಕ್ಕ ಒಂದ್ರೂಪಾಯಿ

ಕನ್ನಡಕ್ಕ ನಾಕು ಒತ್ರಿ ಅಂದ್ರು, ಒತ್ತೀನಿ.
ಹಳೇ ಗಿರಾಕಿ ಆದ್ರ ಎರಡು, ಅದನ್ನೂ ಒತ್ತೀನಿ.
ಈಗ ಕೊಳಲು ಹಚ್ಯಾರ.
ಹದಿನೆಂಟು ನಿಮಿಷಾತು, ಅದ ಕೊಳಲು.
ಅಡಗೀಮನ್ಯಾಗಿಂದ ಅಂಬುಬಾಯಿ ಕೇಳ್ತಾಳ,
"ಯಾರ ಮನಿ ಲಗ್ನಾರೀ?"

ಆಗಿದ್ದಿಷ್ಟು.
ಆಕಿ ಮೆಚ್ಚಿದ ಒಂದು ಹಳೇ ಪಿಚ್ಚರು,
ನಾನೂರಾ ತೊಂಬತ್ತೊಂಬತ್ತು ಕೊಟ್ಟು ತಗೊಂಡಿದ್ದೆ.
ಬಾಡಿಗಿ ಅಲ್ಲ. "ಖರೀದಿಸಿ" ಅಂತಿತ್ತು, ಹಸರು ಅಕ್ಷರದಾಗ.
ಎರಡು ಸಲ ನೋಡಿದ್ಲು.
ಶ್ರಾವಣ ಸೋಮವಾರ, ಉಪವಾಸ ಬಿಟ್ಟು,
ಕಾಲು ಚಾಚಿ ಮೂರನೇ ಸಲಕ್ಕ ಕುಂತಾಗ
ಕರೇ ಪರದೆ ಮ್ಯಾಲೆ ಬಿಳೇ ಸಾಲು:
"ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ."

ನಮ್ಮ ಪ್ರದೇಶ ಎಲ್ಲಿಗೂ ಹೋಗಿಲ್ರೀ.
ಬೆಟಗೇರಿ ಬೆಟಗೇರ್ಯಾಗ ಐತಿ.
ಎದುರು ಮನಿ ಮಗ್ಗ ಮುಂಜಾನೆ ಆರಕ್ಕ ಬಡಕೋತೈತಿ,
ನಳಾ ಯಾವಾಗ ಬರತೈತಿ ಅಂತ ಕೊಡಾ ಕಾಯ್ಕೋತ ಕುಂತಾವ.
ಇಲ್ಲೇ ಅದೀವಿ ನಾವು.
ಹೋದದ್ದು ನಿಮ್ಮ ಪಿಚ್ಚರು.

ಮಗಳು ಲಗ್ನಾಗಿ ಹಳೇ ಹುಬ್ಬಳ್ಳಿಗೆ ಹೋದ್ಲು.
ಹ್ವಾದ ತಿಂಗಳು ಆಕಿ ಟೀವಿ ಆಕೀಗೆ ಹೇಳಿತಂತ,
"ನೀವು ಈ ಮನೆಯವರಲ್ಲ."
ಅತ್ತಿ ಸೈತ ಹಂಗ ಅಂದಿರಲಿಲ್ಲ.
ತವರು ಅನ್ನೂದೊಂದು ಐತಿ ಅಂತ
ಈ ಡಬ್ಬಿಗೆ ಯಾರು ಹೇಳಬೇಕು?

ರೊಕ್ಕಾ ಕೊಟ್ರೂ ಜಾಹೀರಾತು.
ಬ್ಯಾಡಂದ್ರ ಮತ್ತ ನೂರು.
ಕ್ರಿಕೆಟ್ ಒಂದರಾಗ, ಧಾರಾವಾಹಿ ಇನ್ನೊಂದರಾಗ,
ಸಣ್ಣ ಪ್ಲ್ಯಾನಿನ್ಯಾಗ ಮೊಬೈಲದಾಗಷ್ಟ ನೋಡ್ರಿ ಅಂತಾರ,
ಕಿಂಡ್ಯಾಗಿಂದ ಆನಿ ನೋಡಿದಂಗ.

ಈ ಧಂದೆ ನನಗ ಗೊತ್ತಿಲ್ಲಂತ ತಿಳೀಬ್ಯಾಡ್ರಿ.
ಟಾಂಗಾಕೂಟದ ಹತ್ರ, ಎಂಬತ್ತೇಳರಿಂದ ಹನ್ನೆರಡು ವರ್ಷ,
"ತುಳಜಾ ವಿಡಿಯೋ" ನಂದ.
ಎಂಟ್‌ನೂರಾ ಹನ್ನೊಂದು ಕ್ಯಾಸೆಟ್ಟು.
ದಿನಕ್ಕ ಹತ್ತು, ತಡಾ ಆದ್ರ ಐದು,
ರಿವೈಂಡ್ ಮಾಡದ ತಂದ್ರ ಒಂದು.
ಕೆಂಪು ಬಣ್ಣದಾಗ ನಾನ ಬರದಿದ್ದೆ ಬೋರ್ಡು.
ಸುಳ್ಳ್ಯಾಕ ಹೇಳ್ಲಿ, ಮೆಷಿನ್‌ಗೆ ಮೂರು ನಿಮಿಷದ ಕೆಲಸ,
ಆ ಒಂದು ರೂಪಾಯಿ ಚಹಾಕ್ಕಾಗ್ತಿತ್ತು.

ನೀಲಗಂಗವ್ವ ಉಳ್ಳಾಗಡ್ಡಿ ಆರಸಾಕ ಹೋಗ್ತಿದ್ಲು.
ಓಣಿ ಎಲ್ಲಾ ಪಟ್ಟಿ ಹಾಕಿ ಟೀವಿ, ವಿಸಿಆರ್ ತಂದಿತ್ತು ಆವತ್ತು.
ಅರ್ಧಕ್ಕ ಕರೆಂಟು ಹೋತು. ಬೆಳಗಾದ್ರೂ ಬರಲಿಲ್ಲ.
"ಹತ್ತು, ಮ್ಯಾಲ ಒಂದು" ಅಂದೆ, ಲೆಕ್ಕದ ಪುಸ್ತಕದಿಂದ ತಲಿ ಎತ್ತದ.
ಕ್ಯಾಸೆಟ್ಟು ಕೌಂಟರಿಗೆ ಬಡದ್ಲು.
ಗಾಜಿನ ಮ್ಯಾಲೆ ಗೀರು ಬಿತ್ತು, ಕಡೀತನಕ ಇತ್ತದು.
"ಏ ಮೋತಿಲಾಲಸಾ,
ಮುಂದ ಹೋಗದ್ದನ್ನ ಹಿಂದಕ ಏನ ತಿರಗಸ್ಲಿ?
ಅಂವ ಸತ್ತನೋ ಉಳದನೋ ಅದನ್ನರ ಹೇಳು,
ಆಮ್ಯಾಲೆ ರೊಕ್ಕ ಕೇಳು."

ಹೇಳಿದೆ.
ಕಾಲು ತಾಸು, ಹೊಡದಾಟ ಸಮೇತ,
ಕೋರ್ಟಿನ ಸೀನಿಗೆ ಸ್ಟೂಲ್ ಮ್ಯಾಲೆ ನಿಂತು.
ಸಾಲಿನ್ಯಾಗ ಇದ್ದವರೂ ಕೇಳಿದ್ರು.
"ಹಂಗಾರ ಅಡ್ಡಿಯಿಲ್ಲ" ಅಂತ ಹತ್ತು ಇಟ್ಟು ಹೋದ್ಲು.
ಒಂದು ಬಾಕಿ.
ಈಗೂ ಬಾಕಿ ಐತಿ ಪುಸ್ತಕದಾಗ.

ಕೊಳಲು ನಿಂತು.
ಒಂದು ಹುಡುಗಿ, ಸಣ್ಣ ದನಿ. ಬೆನ್ನಿಗೆ ನೂರು ದನಿ, ಸಂತ್ಯಾಗಿದ್ದಂಗ.
"ತಾಳ್ಮೆಯಿಂದ ಕಾದಿದ್ದಕ್ಕೆ ಧನ್ಯವಾದಗಳು ಸರ್,
ಹಕ್ಕುಗಳ ಅವಧಿ ಮುಗಿದಿದೆ ಸರ್,
ಹಣ ಹಿಂದಿರುಗಿಸಲು ಅವಕಾಶವಿಲ್ಲ ಸರ್."
ಬಡಿಯಾಕ ಕೌಂಟರು ಹುಡಕಿದೆ.
ಕೈಯಾಗ ಫೋನು, ಅದೂ ನಂದ, ಕಂತು ಇನ್ನೂ ಮುಗದಿಲ್ಲ.

"ತಂಗಿ, ನೀ ಆ ಪಿಚ್ಚರ್ ನೋಡೀಯೇನು?"
"ಸರ್?"
"ಕಡೀಕ ಏನಾಗ್ತೈತಿ, ಅದನ್ನರ ಹೇಳು.
ನಮ್ಮಾಕಿಗೆ ಮರತೈತಂತ. ನಾನೂ ನಡಬರ್ಕ ಮಲಗತೀನಿ."

ಸುಮ್ಮನಾದ್ಲು.
ಆಮ್ಯಾಲೆ, ಭಾಳ ಸಣ್ಣಕ, ಯಾರಿಗೂ ಕೇಳಬಾರದನ್ನೂವಂಗ,
"ನಾ ನೋಡಿಲ್ರೀ ಕಾಕಾ."
ಸವಣೂರಿನ ಕಡೀ ಮಾತು ಇರಬೇಕು.
ಮತ್ತ ಕೂಡಲೇ ಪುಸ್ತಕದ ದನಿ:
"ನಿಮ್ಮ ದೂರು ದಾಖಲಾಗಿದೆ.
ಈ ಕರೆಗೆ ಒಂದರಿಂದ ಐದರವರೆಗೆ ಅಂಕ ನೀಡಿ."

ಸಿಟ್ಟಿನ ಭರದಾಗ ಒಂದು ಒತ್ತಿದೆ.
ಟಕ್ಕಂತು.
ಆಗ ಹೊಳೀತು,
ಅದು ಕಂಪನಿಗೆ ಅಲ್ಲ, ಆಕಿ ಲೆಕ್ಕಕ್ಕ ಬೀಳ್ತೈತಿ.
ಕನ್ನಡಕ ಹಣಿಗೇರಿಸಿ, ಪರದೆ ತುಂಬ ಬಳ್ಳ ಆಡಿಸಿ,
ಹಿಂದಕ ತಿರಗಸೂ ಬಟನ್
ಹುಡಕ್ಕೋತ ಕುಂತೀನಿ.