ರಬ್ಬರು

ಎರಡು ತಿಂಗಳಿಗೊಮ್ಮೆ ಬರುವ ಕರೆಂಟಿನ ಚೀಟಿ
ಪೂರ್ತಿ ಮಲಯಾಳದಲ್ಲಿ. ನನಗೆ ಓದಲು ಬರುವುದು
ಅಂಕಿ ಮಾತ್ರ. ಈ ಸಲ ಅಷ್ಟೇ ಸಾಕಿತ್ತು:
ಮುನ್ನೂರ ಹನ್ನೆರಡು ಯೂನಿಟ್ಟು.

"ಫ್ರಿಜ್ಜೇ ತಿನ್ನುವುದು" ಎಂದಳು ಮಗಳು ಶ್ರುತಿಕಾ,
"ಹೊಸತು ತಂದರೆ ಅರ್ಧಕ್ಕರ್ಧ ಉಳಿತಾಯ."
ಉಪ್ಪಳದ ಅಂಗಡಿಯವನೂ ಅದನ್ನೇ ಹೇಳಿದ,
ಐದು ನಕ್ಷತ್ರದ ಮೇಲೆ ಬೆರಳಿಟ್ಟು.

ಚೀಟಿಯ ಬೆನ್ನಿಗೇ ಲೆಕ್ಕ ಹಾಕಿದೆ.
ಇಪ್ಪತ್ತೆಂಟು ಸಾವಿರ. ತಿಂಗಳಿಗೆ ಉಳಿಯುವುದು
ಹೆಚ್ಚೆಂದರೆ ಇನ್ನೂರು.
ಭಾಗಿಸಿದರೆ ಹನ್ನೊಂದು ವರ್ಷ, ಎಂಟು ತಿಂಗಳು;
ಅಷ್ಟರಲ್ಲಿ ಹೊಸತೂ ಹಳತು.
ನನ್ನ ಲೆಕ್ಕದಲ್ಲಿ ಇನ್ನೂರು ರವಕೆ,
ಲೈನಿಂಗ್ ಬೇರೆ.

ಕುಂಞಂಬು ಬಂದ. ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ.
ಅದೇ ಚೀಟಿಯನ್ನು ಬಾಗಿಲಿಗೆ ಸಿಕ್ಕಿಸಿ, ಮುಚ್ಚಿ, ಎಳೆದ.
ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂತು.
"ಗಾಳಿ ಹೋಗ್ತದೆ ಅಕ್ಕ. ರಬ್ಬರು ಸತ್ತಿದೆ."

ನೋಡಿದರೆ ಹೌದು: ಬಿರುಕು, ಅದರೊಳಗೆ
ಎಂದೋ ಚೆಲ್ಲಿದ ಶರಬತ್ತು, ಒಂದು ಇರುವೆ.
ಊರಿನವರ ರವಕೆಯ ಸಡಿಲ ಹೊಲಿಗೆ
ರಸ್ತೆಯಾಚೆಯಿಂದಲೇ ಕಾಣುವವಳು ನಾನು,
ದಿನಾ ಇದನ್ನು ಮೊಣಕಾಲಲ್ಲಿ ನೂಕಿ ಮುಚ್ಚುತ್ತಿದ್ದೆ.

ಎಂಟುನೂರು, ಕುಂಬಳೆಯಿಂದ ಅವನ ಬಸ್ಸು ಸೇರಿ.

ಈಗ ಬಾಗಿಲು ಚೀಟಿಯನ್ನು ಕಚ್ಚಿಕೊಂಡಿದೆ,
ಎಳೆದರೆ ಮೂಲೆ ಹರಿಯುತ್ತದೆ.
ಶ್ರುತಿಕಾಳಿಗೆ ನಂಬಿಕೆಯಿಲ್ಲ.
ಮೀಟರು ನೋಡುವವನು ಬರಲು ಇನ್ನೂ ನಲವತ್ತು ದಿನ.

ರಾತ್ರಿ ಮೆಷಿನು ನಿಲ್ಲಿಸಿ ಕಿವಿಗೊಡುತ್ತೇನೆ.
ಮೋಟರು ಸುಮ್ಮನಾಗಿದೆ.
ಮತ್ತೆ ಗುಂಯ್ ಎನ್ನುವಷ್ಟರಲ್ಲಿ
ಒಂದು ಪೂರ್ತಿ ತೋಳು ಮುಗಿಯುತ್ತದೆ.
ಮೊದಲು ಅರ್ಧ ತೋಳಿಗೇ ಶುರುವಾಗುತ್ತಿತ್ತು.